ಕೊನೆಯ ನುಡಿಯಲ್ಲಿ ನನ್ನ ಹೆಸರು

ಮುಂದಿನ ಸೀಟಿನವನ ಫೋನಿನಲ್ಲಿ ಹಲಗೆಯ ಸದ್ದು, ಅದರ ಬೆನ್ನಿಗೇ ನನ್ನ ಪದ, ಧಾಟಿ ನನ್ನದು, ದನಿ ಯಾರದೋ, ಈಗ ಬರುತ್ತದೆ ಆ ಸಾಲು, ಯಮನೂರನ ಅಂಗಳದ ನೀರ ಮುಟ್ಟಿದರ ಕೆಟ್ಟೇವು — ಬಂತು, ಕಿವಿ ಮುಚ್ಚಿಕೊಂಡರೂ ಬಂತು, ನಾನು ಕಟ್ಟಿದ್ದು ನೀರ ಕುಡದು ತಣದೇವು ಎಂದು, ಕೊನೆಗೆ ಮಾನವಿ ಅಲ್ಲಾಉದ್ದೀನ ಹೇಳ್ಯಾನ ಪದವ ಎಂದು, ನನ್ನ ಹೆಸರಿರುವ ಆ ಕೊನೆಯ ಸಾಲನ್ನು ಮಾತ್ರ ಹಾಗೇ ಉಳಿಸಿದ್ದಾರೆ ಪುಣ್ಯಾತ್ಮರು, ಒಂದಕ್ಷರ ಮುಟ್ಟಿಲ್ಲ, ಬಸ್ಸು ದೇವದುರ್ಗ ದಾಟಿತು, ಇನ್ನು ಜಾಲಹಳ್ಳಿ, ಡ್ರೈವರಣ್ಣ ಸ್ವಲ್ಪ ಜೋರಾಗಿ ಹೋಗಬಾರದೇ, ನಾನು ತಲುಪುವುದರೊಳಗೆ ಯಮನೂರಪ್ಪ ಇದನ್ನು ಕೇಳಿಬಿಟ್ಟರೆ ನನ್ನ ಕಥೆ ಮುಗಿಯಿತು. ನನ್ನ ಗುರು ಅವರು, ಗಾದಿ ಹೊಲಿಯುವವನ ಮಗನನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಮೊಹರಂ ಪದ ಕಲಿಸಿದವರು, ಪ್ರತಿ ವರ್ಷ ಮೆರವಣಿಗೆ ಹೊರಟ ಅಲಾಯಿ ದೇವರು ಮೊದಲು ನಿಲ್ಲುವುದು ಊರ ಹೊರಗಿನ ಕೇರಿಯ ಅವರ ಅಂಗಳದಲ್ಲೇ, ದೇವರು ಹೊತ್ತವರ ಕಾಲಿಗೆ ನೀರು ಹಾಕುವವರು ಅವರೇ, ನಾನು ಹಾಡುವಾಗ ಕಣ್ಣು ಮುಚ್ಚಿ ಕೂತಿರುತ್ತಾರೆ, ಕೊನೆಯ ನುಡಿಯಲ್ಲಿ ನನ್ನ ಹೆಸರು ಬಂದೊಡನೆ ಬಲಗೈ ಮೇಲೇಳುತ್ತದೆ, ಇವನು ನಮ್ಮವನು ಎಂದು ಊರಿಗೆ ತೋರಿಸುವ ಕೈ.

ಹೋದ ವರ್ಷ ಮಗಳು ಸೈಮಾ ಪದವನ್ನು ಇಂಟರ್‌ನೆಟ್ಟಿಗೆ ಹಾಕುವಾಗ ಕೇಳಿದ್ದಳು, ಅಬ್ಬಾ, ಯಾರಾರ ಬದಲಿ ಮಾಡಿ ಹಾಡಬಹುದೇನು — ಹಾಡಲಿ ಬೇಟಿ, ಊರಿಂದ ಊರಿಗೆ ಪದ ಬದಲಿ ಆಗೇ ಆಗ್ತದ, ಹೆಸರೊಂದು ಕಡೀಬಾರದು. ಮುಕ್ತ ಪರವಾನಗಿ ಎಂದು ಒತ್ತಿದಳು, ದಾನ ಮಾಡಿದವನಂತೆ ಎದೆ ಉಬ್ಬಿಸಿದೆ ನಾನು, ಪದ ಕಟ್ಟುವವರಿಗೆ ಇರುವುದು ಒಂದೇ ಭಯ, ನಮ್ಮ ಹೆಸರು ಕಿತ್ತು ಇನ್ನೊಬ್ಬ ತನ್ನದು ಹಾಕಿಕೊಂಡಾನು ಎಂದು, ಹೆಸರು ಉಳಿಸಿ ಉಸಿರು ತೆಗೆದಾರು ಎಂದು ಯಾವ ಗುರುವೂ ಹೇಳಿಕೊಡಲಿಲ್ಲ. ನಿನ್ನೆ ಇದು ಕಿವಿಗೆ ಬಿದ್ದೊಡನೆ ಬದಲಿ ಮಾಡಿದವನಿಗೆ ಫೋನ್ ಹಚ್ಚಿದೆ, ಎಲ್ಲಿಯವನೋ, ನಯವಾಗಿಯೇ ಮಾತಾಡಿದ, ನಿಮ್ಮ ಹೆಸರು ಹಾಕೀವಲ್ರೀ ಕಾಕಾ, ನೀವ ಹಾಕ್ರಿ ಅಂದೀರಿ. ತೆಗಿಯಪ್ಪಾ, ನನ್ನ ಹೆಸರು ತೆಗಿ, ಕಾಲಿಗೆ ಬೀಳ್ತೀನಿ ಎಂದೆ, ಯಾವ ಪದಕಾರ ಹೀಗೆ ಬೇಡಿಕೊಂಡಾನು, ಅವನು ನಕ್ಕ. ಬೆಳಿಗ್ಗೆ ರಾಯಚೂರಿನ ವಕೀಲರ ಹತ್ತಿರ ಹೋದೆ, ಪದ ಕೊಟ್ಟೀರಿ, ಮಾನ ಕೊಟ್ಟಿಲ್ಲ, ಕೆಡಿಸಿದರ ತಕರಾರು ಮಾಡೋ ಹಕ್ಕು ನಿಮ್ಮದ ಅದ ಎಂದರು, ಜೀವ ಬಂತು, ನೋಟೀಸು ಕಳಿಸೂಣು, ಟೈಮ್ ಹಿಡಿತದ ಎಂದರು, ಹೋಯಿತು. ಟೈಮ್ ಎಲ್ಲಿದೆ, ಇವತ್ತು ಸಂಜೆಯೇ ದೇವರು ಏಳುತ್ತವೆ. ಜಾಲಹಳ್ಳಿಗೆ ಫೋನ್ ಮಾಡಿದರೆ ಎತ್ತಿದ್ದು ಯಮನೂರಪ್ಪನವರ ಸೊಸೆ ಹುಲಗೆಮ್ಮ, ಬರ್ರಿ ಅಣ್ಣಾ, ನಿಮ್ಮ ಪದ ಹೊಸಾ ಥರ ಬಂದದಂತ, ಮಾವಾರು ಕೇಳಬೇಕಂತ ಕುಂತಾರ ಎಂದಳು, ಕೇಳಿಸಬ್ಯಾಡ ಯವ್ವಾ ಎನ್ನುವಷ್ಟರಲ್ಲಿ ಲೈನ್ ಕಡಿಯಿತು, ಆಮೇಲೆ ಎಷ್ಟು ಹಚ್ಚಿದರೂ ಹತ್ತಲಿಲ್ಲ.

ಇಳಿದೆ, ಓಡುತ್ತಿದ್ದೇನೆ, ಈ ವಯಸ್ಸಿಗೆ ಓಡುವವನನ್ನು ಕಂಡು ಜನ ನಗುತ್ತಾರೆ, ನಗಲಿ, ಏನು ಹೇಳಲಿ, ನಾನು ಬರೆದಿಲ್ಲ ಎನ್ನಲೇ, ಹೆಸರು ನನ್ನದೇ ಇದೆಯಲ್ಲ, ಕೊನೆಯ ನುಡಿಯ ಹೆಸರು ಸುಳ್ಳಾಡುವುದಿಲ್ಲ ಎಂದು ಕಲಿಸಿದವರು ಅವರೇ ಅಲ್ಲವೇ — ಅಂಗಳ, ಸಾರಿಸಿದ ನೆಲ, ನೀರು ತುಂಬಿದ ಕೊಡಗಳು ಸಾಲಾಗಿ, ಕಟ್ಟೆಯ ಮೇಲೆ ಯಮನೂರಪ್ಪ, ಕಣ್ಣು ಮುಚ್ಚಿದ್ದಾರೆ, ಹುಲಗೆಮ್ಮನ ಕೈಯಲ್ಲಿ ಫೋನು, ಹಲಗೆ, ಮುಟ್ಟಿದರ ಕೆಟ್ಟೇವು, ಬಂದ್ ಮಾಡು ತಾಯಿ ಎಂದು ಕೂಗಬೇಕು, ಅಷ್ಟರಲ್ಲಿ ಮುಖ ಕಪ್ಪಿಟ್ಟಿತು ಅವರದು, ಮಾನವಿ ಅಲ್ಲಾಉದ್ದೀನ — ಬಲಗೈ ಏಳುತ್ತಿದೆ, ರೂಢಿಯ ಕೈ, ಏಳಬೇಡ, ಎದ್ದಿತು, ಎದೆಯವರೆಗೆ ಬಂದು ನಿಂತಿತು, ಇತ್ತ ಏಳಲಿಲ್ಲ, ಅತ್ತ ಇಳಿಯಲಿಲ್ಲ, ಆ ಕೈ, ಅರ್ಧಕ್ಕೆ ನಿಂತ ಆ ಕೈ