ಗಂಟೆಗೆ ಒಂದು ಅಂಗುಲ

ಈ ಊರಿನ ಯಾವ ದೊಡ್ಡ ಕಟ್ಟಡದ ಮುಂದಾದರೂ ನಿಂತು ಕತ್ತೆತ್ತಿ ನೋಡಿ. ಅದನ್ನು ಎತ್ತಿ ನಿಲ್ಲಿಸಿರುವುದು ಕಬ್ಬಿಣವೂ ಅಲ್ಲ, ಸಿಮೆಂಟೂ ಅಲ್ಲ, ನಾನು. ಅನುಮತಿ ಕೊಡಿಸುವುದು ನನ್ನ ಕಸುಬು. ಕಟ್ಟುವವರ ನಕ್ಷೆಗಳನ್ನು ಬಗಲಲ್ಲಿ ಇಟ್ಟುಕೊಂಡು ನಗರ ಕಚೇರಿಯ ಮೆಟ್ಟಿಲು ಹತ್ತಿ ಇಳಿದು, ಆ ಮೆಟ್ಟಿಲುಗಳನ್ನೇ ಸವೆಸಿ ಜಾರುಬಂಡೆ ಮಾಡಿದ್ದೇನೆ. ನಾನು ಒಮ್ಮೆ ಕೆಮ್ಮಿದರೆ ಮೂರು ವಿಭಾಗಗಳ ಸೀಲುಗಳು ತಾವಾಗಿಯೇ ಎದ್ದು ಕಾಗದದ ಮೇಲೆ ಬೀಳುತ್ತವೆ.

ಆದರೆ ಕಳೆದ ಮಳೆಗಾಲದಿಂದ ಈಚೆಗೆ ಇದನ್ನೆಲ್ಲ ಹೇಳುವಾಗ ನನಗೆ ಏನೂ ಅನಿಸುವುದಿಲ್ಲ. ಬಾಯಿ ತನ್ನ ಪಾಡಿಗೆ ರೈಲು ಬಿಡುತ್ತಿರುತ್ತದೆ, ನಾನು ಪಕ್ಕದಲ್ಲಿ ಕೂತು ಕೇಳುತ್ತಿರುತ್ತೇನೆ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಕಾಲು ಕಣ್ಣಿಗೆ ಕಾಣುತ್ತದೆ, ಮುಟ್ಟಿದರೆ ಬೇರೆ ಯಾರದೋ ಅನ್ನಿಸುತ್ತದೆ, ಹಾಗೆ.

ಇಳಿಜಾರು ಬೀದಿಯ ತಳದಲ್ಲಿ ನನ್ನಕ್ಕನ ಹೊಲಿಗೆ ಅಂಗಡಿ ಇದೆ. ಬೀದಿಯ ಮೇಲ್ತುದಿಯಲ್ಲಿ ಒಂದು ಖಾಲಿ ಮೈದಾನವಿತ್ತು. ಎಷ್ಟು ಮಳೆ ಬಂದರೂ ಆ ಮಣ್ಣು ಕುಡಿದು ಸುಮ್ಮನಾಗುತ್ತಿತ್ತು. ಹೋದ ವರ್ಷ ಒಬ್ಬ ಯಜಮಾನ ಅದನ್ನು ಕೊಂಡು, ಅಂಗಡಿಗಳ ದೊಡ್ಡ ಸಂಕೀರ್ಣ ಕಟ್ಟಿಸುತ್ತೇನೆಂದು ಮೊದಲು ಕಾರು ನಿಲ್ಲಿಸುವ ಜಾಗಕ್ಕೆ ಕಾಂಕ್ರೀಟು ಹೊಡೆಸಿದ. ಆಮೇಲೆ ಮಳೆ ಬಂತು. ಮೈದಾನ ಕುಡಿಯುತ್ತಿದ್ದ ನೀರಷ್ಟೂ ಬೀದಿಗುಂಟ ಇಳಿದು ಅಕ್ಕನ ಅಂಗಡಿಗೆ ನುಗ್ಗಿತು. ಭಾವ ಹೊಲಿಗೆ ಯಂತ್ರವನ್ನು ಎತ್ತಿಡಲು ನೀರಿಗೆ ಇಳಿದರು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಗೋಡೆಯ ಕೆಳಭಾಗದಲ್ಲಿತ್ತು, ನೀರಿಗೆ ಕರೆಂಟು ಇಳಿದಿತ್ತು. ಬೇರೆ ಯಾವ ಕತೆಯಾಗಿದ್ದರೂ ನಾನು ಎದೆಮಟ್ಟದ ನೀರು ಎನ್ನುತ್ತಿದ್ದೆ. ನೀರು ಮೊಣಕಾಲಿನವರೆಗೆ ಇತ್ತು, ಅಷ್ಟೇ.

ಅಂದಿನಿಂದ ಅಕ್ಕ ಕೆಳಗಿನ ಶೆಲ್ಫಿನಲ್ಲಿ ಒಂದು ಚಿಂದಿ ಬಟ್ಟೆಯನ್ನೂ ಇಟ್ಟಿಲ್ಲ. ಗಿರಾಕಿಗಳು ತಂದ ಬಟ್ಟೆಯೆಲ್ಲ ಮೇಲಿನ ಶೆಲ್ಫಿನಲ್ಲಿ ಸೂರಿಗೆ ತಾಕುವ ಹಾಗೆ ಒಟ್ಟಿರುತ್ತದೆ. ಒಂದು ರವಿಕೆ ಬೇಕಾದರೂ ಸ್ಟೂಲು ಹತ್ತುತ್ತಾಳೆ, ಇಳಿಯುತ್ತಾಳೆ. ಅವಳೂ ಅಳುವುದಿಲ್ಲ. ಇಬ್ಬರೂ ಎದುರುಬದುರು ಕೂತರೆ ಅಂಗಡಿಯಲ್ಲಿ ಎರಡು ಯಂತ್ರ ಹೆಚ್ಚಾದಂತೆ.

ಭಾವನ ಸಾವಾದ ಮೇಲೆ ನಗರ ಕಚೇರಿ ಕಣ್ಣುಬಿಟ್ಟು, ಮಳೆನೀರಿಗೆ ಒಂದು ವ್ಯವಸ್ಥೆ ಆಗುವ ತನಕ ಸಂಕೀರ್ಣದ ಕೆಲಸ ನಿಲ್ಲಿಸಿತು. ಕಾಂಕ್ರೀಟಿನ ಅಂಚಿಗೆ ಉದ್ದಕ್ಕೂ ತಗ್ಗಾದ ಇಂಗುತೋಟ ಮಾಡಬೇಕು, ಚಾವಣಿಯ ನೀರು, ಪಾರ್ಕಿಂಗಿನ ನೀರು ಅದರಲ್ಲಿ ಇಳಿದು ಗಿಡಗಳ ಬುಡದಲ್ಲೇ ಇಂಗಬೇಕು. ಬೇರೆಯವರು ಈ ಕೆಲಸ ಹಿಡಿದರೆ ಬೀದಿಗೊಂದು ಪೈಪು ಬಿಟ್ಟು ಕೈ ತೊಳೆದುಕೊಳ್ಳುತ್ತಾರೆಂದು ನಾನೇ ಯಜಮಾನನ ಮುಂದೆ ಹೋಗಿ ನಿಂತೆ. "ನನ್ನ ಬಿಟ್ರೆ ನಿಮಗೆ ಈ ಅನುಮತಿ ದೇವರೂ ಕೊಡ್ಸಲ್ಲ" ಎಂದೆ. ಆತ ಒಪ್ಪಿದ.

ಚರಂಡಿ ವಿಭಾಗದವರು ನೀರು ಹೊರಗೆ ಹೋಗಕೂಡದು ಎಂದರು. ಆರೋಗ್ಯ ವಿಭಾಗದವರು ಸೊಳ್ಳೆಯಾಗುತ್ತದೆ, ನೀರು ಒಳಗೆ ನಿಲ್ಲಕೂಡದು ಎಂದರು. ಉದ್ಯಾನ ವಿಭಾಗದವರು ಗಿಡ ದಟ್ಟವಾಗಿರಬೇಕು ಎಂದರು. ಅಗ್ನಿಶಾಮಕದವರಿಗೆ ತಮ್ಮ ಗಾಡಿ ತಿರುಗುವ ಕಡೆ ಗಿಡವೇ ಬೇಡ. ಒಂದು ಯುಗ ಅಲೆದೆ. ನಾನು ಬೆಂಚಿನ ಮೇಲೆ ಕೂತಿದ್ದಾಗ ಕಚೇರಿಗೆ ಎರಡು ಸಲ ಸುಣ್ಣ ಬಳಿದರು, ಎರಡನೆಯ ಸಲ ನನಗೂ ಸೇರಿಸಿ. ಅಂತೂ ನಾಲ್ವರನ್ನೂ ಒಂದೇ ನಕ್ಷೆಯೊಳಗೆ ಕೂರಿಸಿದೆ.

ಉಳಿದದ್ದು ಅರ್ಧ ಸಾಹೇಬರ ಸಹಿ. ಮಣ್ಣು ಎಷ್ಟು ವೇಗವಾಗಿ ನೀರು ಕುಡಿಯುತ್ತದೆ ಎಂಬುದರ ಮೇಲೆ ತೋಟದ ಅಳತೆ ನಿರ್ಧರಿಸುವವರು ಅವರು. ಬರುವ ತಿಂಗಳು ನಿವೃತ್ತಿ. ಅವರಿಗೆ ಆ ಹೆಸರು ಬರಲು ಕಾರಣನೂ ನಾನೇ. ನಾನು ಏನು ಹೇಳಿದರೂ ಅದನ್ನು ಅರ್ಧ ಮಾಡಿ ಬರೆದುಕೊಳ್ಳುವುದು ಅವರ ಪದ್ಧತಿ. ಹತ್ತು ಮರ ಎಂದರೆ ಐದು ಬರೆಯುತ್ತಾರೆ, ಹೋಗಿ ನೋಡಿದರೆ ಐದೇ ಇರುತ್ತವೆ. ಹೀಗಾಗಿ ಅವರು ಸ್ಥಳಕ್ಕೆ ಬರುವುದನ್ನೇ ಬಿಟ್ಟಿದ್ದರು. ನಾವಿಬ್ಬರೂ ಸೇರಿ ಹೇಳಿದ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲ ನಾನೇ ಗುಂಡಿ ತೋಡಿಸಿದೆ. ಒಣಮಣ್ಣು ಮೊದಲು ಬಾಯಾರಿದವರ ಹಾಗೆ ಗಟಗಟ ಕುಡಿಯುತ್ತದೆ, ಅದನ್ನು ನಂಬಬಾರದು. ಹೊಟ್ಟೆ ತುಂಬ ಕುಡಿಸಿ, ಮಾರನೆಯ ದಿನ ಮತ್ತೆ ನೀರು ತುಂಬಿಸಿ, ಕೋಲು ನೆಟ್ಟು ಕಾದೆ. ಗಂಟೆಗೆ ಒಂದು ಅಂಗುಲ ಇಳಿಯಿತು. ನಿಯಮಕ್ಕೆ ಬೇಕಾದದ್ದೂ ಅಷ್ಟೇ. ಅದಕ್ಕಿಂತ ಕಡಿಮೆಯಾದರೆ ಮಣ್ಣು ಕೆಲಸಕ್ಕೆ ಬಾರದು ಎಂದು ಪೈಪು ಹಾಕಲು ಬಿಡುತ್ತಾರೆ.

"ಒಂದು ಅಂಗುಲ, ಸಾಹೇಬ್ರೇ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿ ಅರ್ಧ ಎಂದು ಬರೆದರು.

"ಇಲ್ಲ ಸಾಹೇಬ್ರೇ, ಈ ಸಲ ನಿಜವಾಗ್ಲೂ ಒಂದು."

"ಮೊದಲ್ನೇ ಸಲಾನೂ ಹಿಂಗೇ ಅಂದಿದ್ದೆ. ಆ ಹೋಟೆಲಿನ ಬಾವಿ ಪಾತಾಳದಷ್ಟು ಆಳ ಅಂತ ಅಂದಿದ್ದೆ. ನಾನು ಇಳಿದು ನಿಂತ್ರೆ ನನ್ನ ಟೋಪಿ ಕಾಣ್ತಿತ್ತು."

"ಅದು ಬೇರೆ, ಇದು ಬೇರೆ. ಒಂದ್ಸಲ ಬಂದು ನೋಡಿ."

"ಏನಪ್ಪಾ, ನಿವೃತ್ತಿ ಹೊತ್ನಲ್ಲಿ ನನ್ನ ಕೆಸರಿಗೆ ಇಳಿಸ್ತೀಯಾ? ನಿನ್ನ ಮಾತು ಅರ್ಧ ಮಾಡಿ ನಾನು ಯಾವತ್ತಾದ್ರೂ ಕೆಟ್ಟಿದೀನಾ?"

ಕೆಟ್ಟಿರಲಿಲ್ಲ. ನಾನು ಭಾವನ ಹೆಸರೆತ್ತಬಹುದಿತ್ತು. ಎತ್ತಲಿಲ್ಲ. ಬಾಯಿಗೆ ಆ ದಾರಿ ಗೊತ್ತಿರಲಿಲ್ಲ.

ಅರ್ಧ ಅಂಗುಲದ ಸುದ್ದಿ ಕೇಳಿ ಯಜಮಾನ ಕುಣಿದಾಡಿದ. "ಒಳ್ಳೇದೇ ಆಯ್ತಲ್ಲಯ್ಯಾ! ತೋಟ ಗೀಟ ಎಲ್ಲ ಬಿಟ್ಟಾಕು. ಬೀದಿಗೆ ಒಂದು ಪೈಪ್ ಬಿಡು, ಮುಗೀತು."

"ಅಳತೆ ತಪ್ಪಿದೆ, ಇನ್ನೊಂದ್ಸಲ ಅರ್ಜಿ ಹಾಕ್ತೀನಿ" ಎಂದು ಎದ್ದೆ. ದಾರಿಯಲ್ಲಿ ಉಪಾಯ ಹೊಳೆಯಿತು. ಇಷ್ಟು ಸರಳ ಉಪಾಯ ನನ್ನಂಥ ಮೇಧಾವಿಗೆ ಮೊದಲೇ ಏಕೆ ಹೊಳೆಯಲಿಲ್ಲವೋ! ಹೊಸ ಅರ್ಜಿಯಲ್ಲಿ ಗಂಟೆಗೆ ಎರಡು ಅಂಗುಲ ಎಂದು ಬರೆದೆ. ಸಾಹೇಬರು ಅರ್ಧ ಮಾಡುತ್ತಾರೆ, ಒಂದಾಗುತ್ತದೆ, ತೋಟ ತನ್ನ ಅಳತೆಗೆ ಬರುತ್ತದೆ. ಕಿಟಕಿಯಲ್ಲಿ ಅರ್ಜಿ ಕೊಟ್ಟು ಬಂದು ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ವಾರ ಕಳೆದು ಅನುಮತಿ ಬಂತು. ಅದರಲ್ಲಿ ಗಂಟೆಗೆ ಎರಡು ಅಂಗುಲ ಎಂದೇ ಇತ್ತು. ಮಣ್ಣು ಅಷ್ಟು ಬೇಗ ಕುಡಿಯುವುದಾದರೆ ದೊಡ್ಡ ತೋಟವೇಕೆ ಎಂದು ತೋಟವನ್ನು ನಕ್ಷೆಯ ಅರ್ಧಕ್ಕೆ ಇಳಿಸಿದ್ದರು. ಕೆಳಗೆ ಗೊತ್ತಿಲ್ಲದ ಸಹಿ. ಓಡಿದೆ. ಅರ್ಧ ಸಾಹೇಬರು ಬಾಕಿ ಇದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆ ಸೇರಿದ್ದರು. ಕುರ್ಚಿಯಲ್ಲಿ ಒಬ್ಬ ಹೊಸ ಮೇಡಂ ಇದ್ದರು. ಬಾಗಿಲಲ್ಲೇ ನಿಂತು ನೋಡಿ ವಾಪಸು ಬಂದೆ.

ಯಜಮಾನ ನನ್ನನ್ನು ಅಪ್ಪಿಕೊಂಡ. "ತೋಟ ಅರ್ಧ ಆಯ್ತು, ಕಾರಿಗೆ ಜಾಗ ಸಿಕ್ತು! ನೀನು ಮನುಷ್ಯ ಅಲ್ಲ ಕಣಯ್ಯಾ, ಮಾಂತ್ರಿಕ!" ಜೀವಮಾನದಲ್ಲಿ ನನ್ನ ಬಗ್ಗೆ ನಾನಲ್ಲದೆ ಬೇರೊಬ್ಬರು ಅಷ್ಟು ದೊಡ್ಡ ಮಾತು ಆಡಿದ್ದು ಅದೇ ಮೊದಲು. ನನ್ನ ಬೆನ್ನ ಮೇಲಿದ್ದ ಅವನ ಕೈ ಗೋಡೆಯ ಮೇಲಿದ್ದಂತಿತ್ತು.

ಸಂಜೆ ಅಕ್ಕನ ಅಂಗಡಿಗೆ ಹೋದೆ. ಅವಳು ಸ್ಟೂಲಿನ ಮೇಲೆ ನಿಂತು ಪರದೆ ಬಟ್ಟೆ ಎಳೆಯುತ್ತಿದ್ದಳು.

"ಸಹಿ ಬಿತ್ತಂತೆ?" ಎಂದಳು, ತಿರುಗದೆ.

"ಬಿತ್ತು."

"ಎಷ್ಟು ದೊಡ್ಡ ತೋಟವೋ?"

"ಕಾಡು ಕಣಕ್ಕಾ. ಒಳಗೆ ಹೋದೋರಿಗೆ ವಾಪಸ್ ದಾರಿ ಸಿಗಲ್ಲ. ಸಮುದ್ರ ಸುರಿದ್ರೂ ಕುಡಿಯುತ್ತೆ."

ಅವಳು ಇಳಿದು ಬಂದಳು. ಕೆಳಗಿನ ಶೆಲ್ಫಿನ ಧೂಳನ್ನು ಬೆರಳಲ್ಲಿ ಒರೆಸಿದಳು.

"ಹಾಗಾದ್ರೆ ಇಲ್ಲಿ ಬಟ್ಟೆ ಇಡಬಹುದೇನೋ, ತಮ್ಮಾ? ಮಂಡಿ ನೋಯುತ್ತೆ ನಂಗೆ."

ಯಾವ ಪ್ರಶ್ನೆಗೂ ನನ್ನ ಹತ್ತಿರ ಒಂದಕ್ಕೆ ನೂರು ಉತ್ತರ ಇರುತ್ತದೆ. ಇದಕ್ಕೆ ಹೌದು ಅಥವಾ ಇಲ್ಲ, ಎರಡೇ ಇದ್ದವು. ನಾನು ಮೇಜಿನ ಮೇಲಿದ್ದ ಅಳತೆ ಟೇಪನ್ನು ಸುತ್ತತೊಡಗಿದೆ. ಅವಳು ಸ್ಟೂಲನ್ನು ಮತ್ತೆ ಅದೇ ಜಾಗಕ್ಕೆ ಎಳೆದುಕೊಂಡಳು.

ಮಾರನೆಯ ಬೆಳಗ್ಗೆ ಮೇಡಂ ಎದುರು ನಿಂತೆ.

"ಆ ಎರಡು ಅಂಗುಲ ಸುಳ್ಳು. ಒಂದೇ ಇರೋದು."

"ಮತ್ತೆ ಎರಡು ಅಂತ ಯಾಕೆ ಬರೆದ್ರಿ?"

"ಹಳೇ ಸಾಹೇಬ್ರು ಅರ್ಧ ಮಾಡ್ತಾರೆ ಅಂತ."

ಮೇಡಂ ನನ್ನ ಮುಖವನ್ನೇ ನೋಡಿದರು. ನಗಲಿಲ್ಲ. "ಅಂದ್ರೆ ಈಗ ನೀವು ಒಂದು ಅಂದ್ರೆ ನಾನು ಎಷ್ಟು ಅಂತ ತಿಳ್ಕೋಬೇಕು?"

"ಅದಕ್ಕೇ ಬಂದು ನೋಡಿ ಅಂತಿರೋದು."

"ನನ್ನ ಸಹಿ ಬಿದ್ದಾಗಿದೆ. ಇದನ್ನ ರದ್ದು ಮಾಡೋದು ನನಗೂ ಚೆಂದ ಅಲ್ಲ. ಅಲ್ಲಿ ನಿಮಗೇನ್ರೀ ಆಗಬೇಕು?"

"ಬೀದಿ ಕೆಳಗೆ ನಮ್ಮಕ್ಕನ ಅಂಗಡಿ ಇದೆ. ಹೋದ್ವರ್ಷ ನಮ್ಮ ಭಾವ ಅಲ್ಲೇ ಹೋದ್ರು. ನೀರು ಮೊಣಕಾಲಿನವರೆಗಿತ್ತು."

ನನ್ನ ದನಿಯಲ್ಲಿ ಏನೂ ಇರಲಿಲ್ಲ, ಬಸ್ಸಿನ ನಂಬರು ಹೇಳಿದಂತೆ ಹೇಳಿದ್ದೆ. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಗುಂಡಿ ತುಂಬಿಸಿಡಿ. ನಾಳೆ ಬರ್ತೀನಿ."

ಬಂದರು. ಚಪ್ಪಲಿ ಕಳಚಿ ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತರು. ನಾನು ಎದುರಿಗೆ ಕೂತೆ. ಹಿಂದೆ ಯಜಮಾನ ಫೋನಿನಲ್ಲಿ ಕಿರುಚುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದ. ಕೋಲಿನ ಗುರುತಿನಿಂದ ನೀರು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಆಮೇಲೆ ನೋಡಿದರೆ ಇಳಿದಿರುತ್ತದೆ. ಗಂಟೆಯಾದ ಮೇಲೆ ಮೇಡಂ ಬಗ್ಗಿ ನೋಡಿ, "ಒಂದು" ಎಂದರು. ಒಂದು ಎಂದೇ ಬರೆದರು.

ಹಳೆಯ ಅನುಮತಿ ರದ್ದಾಯಿತು. ಮಣ್ಣು ಕುಡಿಯುತ್ತದೆ, ಆದ್ದರಿಂದ ಪೈಪಿಲ್ಲ; ತೋಟ ಮೊದಲಿನ ನಕ್ಷೆಯಷ್ಟೇ ಆಗಬೇಕು ಎಂದು ಹೊಸದು ಬಂತು. ಯಜಮಾನ ನಕ್ಷೆಯ ಸುರುಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಇನ್ನು ಈ ಕಡೆ ಮುಖ ಹಾಕಬೇಡ, ಎಲ್ಲಾ ಕಟ್ಟೋರಿಗೂ ನಿನ್ನ ವಿಷಯ ಹೇಳ್ತೀನಿ" ಎಂದ. ಹೇಳಿದ ಕೂಡ. ಆದರೆ ನಿಂತ ಕೆಲಸ ಮತ್ತೆ ಶುರುಮಾಡುವ ಆತುರ ಅವನಿಗಿತ್ತು. ಮಳೆಗೆ ಮೊದಲೇ ತೋಟ ತೋಡಿಸಿ ಗಿಡ ನೆಡಿಸಿದ.

ಈಗ ನನಗೆ ಕೆಲಸವಿಲ್ಲ. ಅಂದರೆ, ಇಡೀ ಊರು ನನ್ನ ಮನೆ ಮುಂದೆ ಸಾಲುಗಟ್ಟಿದೆ, ನಾನೇ ಬಾಗಿಲು ತೆರೆಯುತ್ತಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ.

ಮೊದಲ ಮೋಡ ಕಟ್ಟಿದ ದಿನ ಅಕ್ಕನ ಅಂಗಡಿಯಲ್ಲಿ ಕೂತಿದ್ದೆ. "ಅಕ್ಕಾ, ಕೆಳಗಿನ ಶೆಲ್ಫಲ್ಲಿ ಇಡು" ಎಂದೆ. ಕಾಡು ಎನ್ನಲಿಲ್ಲ, ಸಮುದ್ರ ಎನ್ನಲಿಲ್ಲ. "ಇಡಬಹುದು."

ಅವಳು ನನ್ನನ್ನು ಒಮ್ಮೆ ನೋಡಿದಳು. ಒದ್ದೆ ಬಟ್ಟೆ ತಂದು ಶೆಲ್ಫು ಒರೆಸಿದಳು, ಅದು ಒಣಗುವ ತನಕ ನಿಂತಿದ್ದಳು. ಆಮೇಲೆ ಮೇಲಿನಿಂದ ಒಂದೊಂದೇ ಬಟ್ಟೆ ಇಳಿಸಿ, ಮಡಿಕೆ ಸರಿಮಾಡಿ ಎಡಗಡೆಯಿಂದ ಜೋಡಿಸುತ್ತಾ ಬಂದಳು. ನಡುವಿನ ತನಕ ಬಂದು ನಿಲ್ಲಿಸಿದಳು. ಉಳಿದರ್ಧವನ್ನು ಖಾಲಿ ಬಿಟ್ಟು, ಹೋಗಿ ಯಂತ್ರದ ಮುಂದೆ ಕೂತಳು.

ಹೊರಗೆ ಹನಿ ಬಿತ್ತು. ನನ್ನ ಕಾಲಿಗೆ ಜೋಮು ಹಿಡಿದಿತ್ತು. ಏಳಲಿಲ್ಲ, ಬೀದಿಯ ಮೇಲ್ತುದಿಯನ್ನೇ ನೋಡುತ್ತಾ ಕೂತೆ.