ಸೇದುವ ಹಗ್ಗ

ಹಗ್ಗ ಅಂಗೈ ಸುಡುವಂತೆ ಜಾರಿತು. ಸಾಬವ್ವ ಹೌಹಾರಿ ಕೈಬಿಟ್ಟಳು. ಪಕ್ಕದಲ್ಲಿದ್ದ ಕುಲಸುಮಬಿ ಹಗ್ಗದ ತುದಿಯನ್ನು ಕಾಲಲ್ಲಿ ತುಳಿದು ಹಿಡಿಯದಿದ್ದರೆ ಕೊಡ ಬಾವಿಯ ಪಾಲಾಗುತ್ತಿತ್ತು.

“ಒಂದು ಕೂಸಿನ ತಾಯಿ ಆಗೀದಿ, ನೀರು ಸೇದಾಕ ಬರಂಗಿಲ್ಲೇನ ಬೇ? ನಿಮ್ಮೂರಾಗ ಬಾವಿ ಇಲ್ಲೇನ?”

“ಅದಾವ್ರಿ,” ಎಂದಳು ಸಾಬವ್ವ. ಮುಂದಿನದನ್ನು ಹೇಳಲಿಲ್ಲ.

ಅವಳ ಊರು ಸರಸಂಬಾದಲ್ಲಿ ಬಾವಿ ಇತ್ತು. ಅವಳ ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ. ಬಾವಿಯಿಂದ ಹತ್ತು ಮಾರು ದೂರ ಕೊಡ ಇಟ್ಟು ಕುಳಿತು, ಊರವರಲ್ಲಿ ಯಾರಿಗಾದರೂ ಮನಸ್ಸು ಬಂದು ಮೇಲಿಂದ ಸುರಿದ ನೀರನ್ನು ಹೊತ್ತು ತರುವುದಷ್ಟೇ ಅವಳಿಗೆ ಗೊತ್ತಿದ್ದದ್ದು.

ಜರ್ಮನಿಯ ಲಡಾಯಿ ಶುರುವಾದ ವರ್ಷ ಗಂಡ ಅಂಬಾರಾಯನಿಗೆ ಜೇವರ್ಗಿಯ ಹತ್ತಿರ ಸರ್ಕಾರಿ ಸಡಕಿನ ಗ್ಯಾಂಗಿನಲ್ಲಿ ಕೆಲಸ ಸಿಕ್ಕಿತು. ಮೂರು ದಿನ ಬಂಡಿಯಲ್ಲಿ ಕುಳಿತು, ಹರಿಗೋಲಿನಲ್ಲಿ ಭೀಮೆಯನ್ನು ದಾಟಿ, ಎರಡು ವರ್ಷದ ಮಗಳು ಮರೆಮ್ಮನನ್ನು ಎತ್ತಿಕೊಂಡು ಅವರು ಇಲ್ಲಿಗೆ ಬಂದಿದ್ದರು. ಸಡಕಿನ ಪಕ್ಕ ಸಾಲಾಗಿ ಮೂರು ಕಲ್ಲಿನ ಮನೆ, ಮುಂದೆ ಒಂದು ಬಾವಿ. ಮೊದಲ ಮನೆಯಲ್ಲಿ ಮೇಸ್ತ್ರಿ ಇಮಾಮಸಾಬ, ಅವನ ಹೆಂಡತಿ ಕುಲಸುಮಬಿ. ನಡುವಿನ ಮನೆಯಲ್ಲಿ ಅಂದೋಲಾದ ಚಂದಮ್ಮ, ಅವಳ ಗಂಡ. ಕೊನೆಯದು ಇವರದು.

ಬಂಡಿಯಲ್ಲಿ ಬರುವಾಗಲೇ ಅಂಬಾರಾಯ ಹೇಳಿದ್ದ: “ಯಾರರ ಕೇಳಿದ್ರ ನಮ್ಮ ಕೇರಿ ಸುದ್ದಿ ತಗೀಬ್ಯಾಡ. ಹೊಲದಾಗ ದುಡಿಯೋ ಮಂದಿ ಅನ್ನು. ಸುಳ್ಳೇನ ಅಲ್ಲಲ್ಲ ಅದು.”

ಚಂದಮ್ಮ ಕೇಳಿದಾಗ ಸಾಬವ್ವ ಹಾಗೆಯೇ ಹೇಳಿದಳು. ನಾಲ್ಕು ತಿಂಗಳಲ್ಲಿ ಅವಳು ತುಂಬಿದ ಕೊಡವನ್ನು ಒಂದೇ ಉಸಿರಿಗೆ ಎಳೆಯುವಷ್ಟು ಪಳಗಿದಳು. ಚಂದಮ್ಮನಿಗೆ ಮಕ್ಕಳಿರಲಿಲ್ಲ. ಮರೆಮ್ಮನಿಗೆ ಎಣ್ಣೆ ಹಚ್ಚಿ ತಲೆ ಬಾಚುವುದು, ತನ್ನ ತಾಟಿನಿಂದ ತುತ್ತು ಮಾಡಿ ಉಣಿಸುವುದು ಅವಳಿಗೆ ದಿನದ ಕೆಲಸವಾಯಿತು. ಮಗಳು ಆ ತುತ್ತು ತಿನ್ನುವಾಗಲೆಲ್ಲ ಸಾಬವ್ವನಿಗೆ ಮುಚ್ಚಿಟ್ಟ ಮಾತು ಚುಚ್ಚುತ್ತಿತ್ತು.

ಯುಗಾದಿಗೆ ಎಂಟು ದಿನವಿರುವಾಗ, ಒಂದು ಮಧ್ಯಾಹ್ನ, ಊರಿನಿಂದ ಅವಳ ಅಣ್ಣ ಭಗವಂತ ಬಂದ. ಸಾಬವ್ವ ಒಳಗೆ ಹಿಟ್ಟು ನಾದುತ್ತಿದ್ದಳು. ಬಾಗಿಲಿಂದ ನೋಡಿದರೆ ಅವನು ಬಾವಿಯಿಂದ ದೂರ, ಬಿಸಿಲಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಚಪ್ಪಲಿ ಕಳಚಿಟ್ಟು, ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಬಾಯಿಗೆ ಹಿಡಿದಿದ್ದಾನೆ.

“ಒಂದೀಟು ನೀರ ಹಾಕ್ರಿ ಅವ್ವಾ, ಪುಣ್ಯ ಬರ್ತದ.”

ಬಾವಿಕಟ್ಟೆಯ ಬಳಿ ಕೊಡ ತುಂಬಿಕೊಂಡು ನಿಂತಿದ್ದ ಚಂದಮ್ಮ ಅವನನ್ನು ಒಮ್ಮೆ ನೋಡಿದಳು. ಜಾತಿ ಕೇಳುವ ಅಗತ್ಯವೇ ಇರಲಿಲ್ಲ. ಕೊಡವನ್ನು ಎತ್ತರಕ್ಕೆ ಹಿಡಿದು ಸುರಿದಳು. ಅವನು ಗಟಗಟ ಕುಡಿದ. ನೀರು ಮೊಣಕೈಗುಂಟ ಇಳಿದು ಧೂಳಿಗೆ ಬಿತ್ತು.

ಸುಮ್ಮನೆ ಒಳಗೆ ಸರಿದಿದ್ದರೆ ಆಗುತ್ತಿತ್ತು. ಚಂದಮ್ಮ ಮನೆಗೆ ಹೋದ ಮೇಲೆ ಅವನನ್ನು ಮೆಲ್ಲಗೆ ಒಳಗೆ ಕರೆಯಬಹುದಿತ್ತು. ಆದರೆ ಬಿಸಿಲಲ್ಲಿ ಬಾಗಿದ ಆ ಬೆನ್ನನ್ನು ನೋಡಿ ಸಾಬವ್ವನ ಕಾಲು ತಾನಾಗಿ ಹೊಸ್ತಿಲು ದಾಟಿತು.

“ಅಣ್ಣಾ!”

ಚಂದಮ್ಮ ತಿರುಗಿದಳು. ಅಣ್ಣನನ್ನು ನೋಡಿದಳು, ತಂಗಿಯನ್ನು ನೋಡಿದಳು.

“ಇಂವ ನಿಮ್ಮಣ್ಣ?”

“ಹೌದ್ರಿ. ಒಡಹುಟ್ಟಿದಾಂವ.”

ಚಂದಮ್ಮ ಕೊಡದಲ್ಲಿ ಉಳಿದ ನೀರನ್ನು ಚೆಲ್ಲಿ, ಬೂದಿಯಿಂದ ಕೊಡವನ್ನು ತಿಕ್ಕಿ ತೊಳೆದು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು.

ಸಂಜೆ ಗುದ್ದಲಿ ಇಳಿಸಿದ ಅಂಬಾರಾಯನ ಮುಖ ಸುದ್ದಿ ಕೇಳಿ ಬಿಳಿಚಿತು. “ಇನ್ನ ಈ ಬಾವಿ ಮುಟ್ಟಬ್ಯಾಡ. ನೌಕರಿ ಹೋದ್ರ ಏನ ಮಾಡೂದು?” ಎಂದ. ಅಷ್ಟರಲ್ಲಿ ಕುಲಸುಮಬಿ ಬಾಗಿಲಲ್ಲಿ ನಿಂತಿದ್ದಳು.

“ಚಂದಮ್ಮನ ಗಂಡ ಬಂದು ನಮ್ಮ ಮೇಸ್ತ್ರಿಗೆ ಹೇಳಿದ. ಬಾವಿ ಸರ್ಕಾರದ್ದು, ಯಾರಿಗೆ ಬ್ಯಾಡೋ ಅವ್ರು ಬಿಡ್ರಿ ಅಂದ್ರು ಇವರು. ಖರೇ ಹೇಳ್ತೀನಿ ಸಾಬವ್ವ, ನನಗೂ ಮೊದಲೇ ಹೇಳಬೇಕಿತ್ತು ನೀ.” ಅವಳ ದನಿಯಲ್ಲಿ ಸಿಟ್ಟಿತ್ತೋ ನೋವಿತ್ತೋ ಸಾಬವ್ವನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಭಗವಂತ ಹೊರಟು ನಿಂತ. ತಂಗಿಯ ಮನೆಗೆ ತಾನು ಕೇಡು ತಂದೆನೆಂದು ಇರುಳೆಲ್ಲ ಅವನಿಗೆ ನಿದ್ದೆ ಹತ್ತಿರಲಿಲ್ಲ. ಸಾಬವ್ವ ಅವನನ್ನು ಬಾವಿಗೆ ಕರೆದೊಯ್ದು ಹಗ್ಗವನ್ನು ಕೈಗಿತ್ತಳು.

“ಸೇದು.”

“ಒಲ್ಲೆ ತಂಗೀ. ಬ್ಯಾಡ.”

“ಒಂದು ಕೊಡ ಸೇದಿ ಹೋಗು. ಕೈಗೆ ಸುತ್ತಿಕೋ, ಜಾರತದ.”

ಅವನು ಹೊಲ ಉತ್ತು ಗಟ್ಟಿಯಾದ ಕೈಗೆ ಹಗ್ಗ ಸುತ್ತಿಕೊಂಡು ಎಳೆದ. ಕೊಡ ಕಟ್ಟೆಗೆ ಬಂದಾಗ ಅದನ್ನು ಎರಡೂ ಕೈಯಲ್ಲಿ ತಬ್ಬಿ, ನಿಂತೇ ಕುಡಿದ. ಅಂಗಿಯೆಲ್ಲ ತೊಯ್ದಿತು. ಹಾಗೆಯೇ ಸಡಕು ಹಿಡಿದು ನಡೆದ.

ಅಂದಿನಿಂದ ಚಂದಮ್ಮ ಅರ್ಧ ಹರದಾರಿ ದೂರದ ಹಳ್ಳದಿಂದ ನೀರು ತರತೊಡಗಿದಳು. ಮರೆಮ್ಮ “ಚಂದವ್ವಾ” ಎಂದು ಓಡಿಹೋಗಿ ಮುಚ್ಚಿದ ಬಾಗಿಲು ಬಡಿಯುತ್ತಿದ್ದಳು. ಸಾಬವ್ವ ಎತ್ತಿಕೊಂಡು ಬರುತ್ತಿದ್ದಳು. ಬಿಸಿಲು ಬಲಿತು ಹಳ್ಳ ಬತ್ತಿತು. ಚಂದಮ್ಮ ಉಸುಕು ತೋಡಿ ಒರತೆಯಲ್ಲಿ ಬಟ್ಟಲಿನಿಂದ ನೀರು ತುಂಬುತ್ತಾಳೆಂದು ಕುಲಸುಮಬಿ ಹೇಳಿದಳು. ಬಾವಿ ಬಿಟ್ಟುಕೊಡೋಣವೇ ಎಂದು ಸಾಬವ್ವ ಒಂದೆರಡು ಸಲ ಯೋಚಿಸಿದಳು. ಬಿಡಲಿಲ್ಲ.

ಕಾರಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅವಳು ಬಾವಿಕಟ್ಟೆಯ ಮೇಲೆ ನೆನೆಸಿದ ಪುಂಡಿನಾರು ಹರವಿ ಕುಳಿತಿದ್ದಳು. ಹಳೆಯ ಹಗ್ಗ ಎರಡು ಕಡೆ ಸವೆದು ಎಳೆ ಬಿಟ್ಟಿತ್ತು. ಹಿಂದೆ ಬಂದು ನಿಂತ ನೆರಳು ಚಂದಮ್ಮನದು. ಕಂಕುಳಲ್ಲಿ ಖಾಲಿ ಕೊಡ.

“ಒಬ್ಬಾಕೀನ ಹೊಸಿಯಾಕತ್ತೀ?”

“ಕುಲಸುಮಬಿ ಕಲಬುರ್ಗಿಗೆ ಹೋಗ್ಯಾರ್ರಿ.”

“ಒಬ್ಬಾಕಿ ಕೈಲೆ ಹುರಿ ನಿಲ್ಲಂಗಿಲ್ಲ ಅದು. ಒಂದು ತುದಿ ಇತ್ತ ಕೊಡು.”

ಸಾಬವ್ವ ಎದ್ದು ತುದಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಚಂದಮ್ಮ ನೆಲದ ಮೇಲಿನ ನಾರನ್ನು ಸ್ವಲ್ಪ ಹೊತ್ತು ನೋಡಿದಳು. ಕೊಡ ಇಳಿಸಿ, ಬಗ್ಗಿ ಎತ್ತಿಕೊಂಡಳು. ಇಬ್ಬರೂ ಆ ಕಡೆ ಈ ಕಡೆ ಹಗ್ಗದ ಉದ್ದಕ್ಕೆ ದೂರ ಹೋಗಿ ನಿಂತು ಹುರಿ ಹಾಕತೊಡಗಿದರು. ಹುರಿ ಏರಿದಂತೆ ಹಗ್ಗ ಗಿಡ್ಡವಾಗುತ್ತಿತ್ತು. ತಲೆ ತಗ್ಗಿಸಿಕೊಂಡೇ, ಕೈ ನಿಲ್ಲಿಸದೆ, ಇಬ್ಬರೂ ಒಂದೊಂದೇ ಹೆಜ್ಜೆ ಮುಂದೆ ಬಂದರು.