ಓಣಿ ದಾಟಿದ ತಂತಿ

ಶಿವರಾತ್ರಿ ಕಳೆದು ಬಿಸಿಲು ಹಲ್ಲು ಕಡಿಯೋಕೆ ಶುರು ಮಾಡಿದ ಕಾಲ, ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ. ಹರಿಹರದ ಹೊಳೆ ಕಡೆಯ ಓಣಿಯಲ್ಲಿ ಸಿದ್ದೇಶನ ಹಿಟ್ಟಿನ ಗಿರಣಿ ಆಗಲೇ ಜೋಳ ಬೀಸುತ್ತಿತ್ತು. ಗಿರಣಿಯ ಮೇಲಿನ ಕೋಣೆಯಲ್ಲಿ ಅವನ ಹೆಂಡತಿ ಪುಷ್ಪಲತಾ ದೊಡ್ಡ ಪೆಟ್ಟಿಗೆಯ ಮೇಲೆ ಕೂತ ಹಿಟ್ಟಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ಆ ಕೋಣೆ ಅವಳದು. ಮೊದಲು ಕೇಬಲ್ ಟೀವಿ ನಡೆಸಿದಳು, ಆಮೇಲೆ ಮನೆಮನೆಗೆ ಇಂಟರ್‌ನೆಟ್ಟು ಎಳೆದಳು. ನಾಲ್ಕು ಓಣಿಗೆ ಸಾಲುವಂಥ ಸಣ್ಣ ಪೆಟ್ಟಿಗೆ ಮೊದಲಿಂದ ಇತ್ತು. ಈಗ ದಾವಣಗೆರೆಯ ಕಂಪನಿಯವರು ಈ ದೊಡ್ಡದನ್ನು ತಂದು ಇಟ್ಟಿದ್ದರು. ಪರೀಕ್ಷೆ ಪಾಸಾದರೆ ಅದು ಇಲ್ಲೇ ಉಳಿಯುತ್ತದೆ, ಊರಿನ ಆಸ್ಪತ್ರೆ, ಬ್ಯಾಂಕು, ಕಾಲೇಜುಗಳ ಇಂಟರ್‌ನೆಟ್ ಲೈನೆಲ್ಲ ಅವಳ ಕೋಣೆಯ ಮೇಲೆ ಹಾಯುತ್ತವೆ. ಫೇಲಾದರೆ ಆವರಗೆರೆಯಲ್ಲಿ ಒಬ್ಬರು ಜಾಗ ಹಿಡಿದು ಕಾಯುತ್ತಿದ್ದರು. ಊರವರು ಇವತ್ತಿಗೂ ಅವಳನ್ನು ಗಿರಣಿ ಪುಷ್ಪಕ್ಕ ಅಂತಲೇ ಕರೆಯುವುದು. ಆ ಗಿರಣಿ ಅನ್ನುವುದು ಹೆಸರಿನಿಂದ ಉದುರಲಿ ಅಂತ ಅವಳಿಗೆ ಬಹಳ ದಿನದಿಂದ ಇತ್ತು.

ದೊಡ್ಡ ಪೆಟ್ಟಿಗೆಯ ಬೆನ್ನಿಗೆ ಕರೆಂಟು ಉಣ್ಣುವ ಬಾಯಿ ಎರಡು. ಎರಡಕ್ಕೂ ಬೇರೆ ಬೇರೆ ಕಡೆಯಿಂದ ಕೊಡಬೇಕು. ಒಂದು ನಿಂತರೆ ಇನ್ನೊಂದೇ ಪೂರ್ತಿ ಭಾರ ಹೊರುತ್ತದೆ, ಕರೆಂಟು ಹೋದದ್ದೂ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ.

"ಎರಡು ಬಾಯಿ ಅಂತ ಹೆದರಿಸ್ತೀಯಲ್ಲ," ಅಂದಿದ್ದ ಸಿದ್ದೇಶ. "ನಿಮ್ಮವ್ವನ ಮುಂದೆ ಅದು ಮೂಗಿ ಬಿಡು."

ಬೇರೆ ಕಡೆಯ ಕರೆಂಟಿಗೆ ಆ ಓಣಿಯಲ್ಲಿ ಬರ ಇರಲಿಲ್ಲ. ಗಿರಣಿ ಸಾಲಿಗೆ ಹೊಳೆ ಕಡೆಯ ಟ್ರಾನ್ಸ್‌ಫಾರ್ಮರ್, ಎದುರು ಸಾಲಿಗೆ ಪೇಟೆ ಕಡೆಯದು. ಇಲ್ಲಿ ಹೋದಾಗ ಅಲ್ಲಿ ಇರುತ್ತದೆ, ಅಲ್ಲಿ ಹೋದಾಗ ಇಲ್ಲಿ. ಅದಕ್ಕೇ ಹೆಪ್ಪಿಗೆ ಮೊಸರು ಈಸಿಕೊಂಡಂತೆ ಆ ಜನ ಕರೆಂಟನ್ನೂ ಈಸಿಕೊಳ್ಳುತ್ತಿದ್ದರು. ಎದುರು ಮನೆಯ ನುಜತ್ ಬಟ್ಟೆ ಹೊಲಿಯುವವಳು. ಅವಳ ಮನೆಗೆ ಗಿರಣಿಯಿಂದ ಒಂದು ತಂತಿ ಹೋಗಿತ್ತು. ಅವಳ ಗೋಡೆಯ ದೊಡ್ಡ ಸ್ವಿಚ್ಚು ಮೇಲಿದ್ದರೆ ಮನೆಗೆಲ್ಲ ಅವಳದೇ ಲೈನು, ಕೆಳಗೆ ಒತ್ತಿದರೆ ಗಿರಣಿಯದು. ಈಗ ಆಕೆಯ ಮನೆಯಿಂದ ಇನ್ನೊಂದು ತಂತಿ ಓಣಿ ದಾಟಿ ಈಚೆಗೆ ಬಂದು ದೊಡ್ಡ ಪೆಟ್ಟಿಗೆಯ ಎರಡನೇ ಬಾಯಿಗೆ ಸೇರಿತ್ತು.

ಕಂಪನಿಯ ಇಂಜಿನಿಯರ್ ಮಾಲತೇಶ್ ದಾವಣಗೆರೆಯಿಂದ ಬೈಕಿನಲ್ಲಿ ಬಂದ. ಚಹಾ ಕುಡಿದ. ಕರೆಂಟು ಹೋದಾಗಿನ ಆಸರೆಗೆ ಇಟ್ಟಿದ್ದ ಬ್ಯಾಟರಿಯನ್ನು ನಡುವಿನಿಂದ ಬಿಚ್ಚಿಸಿದ.

"ಲೈನು ಲೈನಾಗೇ ನಿಲ್ತತೋ ಇಲ್ಲೋ ನೋಡ್ಬೇಕಕ್ಕ. ಬ್ಯಾಟರಿ ಇದ್ರೆ ಕಳ್ಳಾಟ ಆಡ್ತತಿ."

ಪೆಟ್ಟಿಗೆಯಲ್ಲಿ ಬಾಯಿಗೊಂದರಂತೆ ಎರಡು ಹಸಿರು ದೀಪ ಉರಿಯುತ್ತಿದ್ದವು. ಪುಷ್ಪಲತಾ ಮೆಟ್ಟಿಲ ಮೇಲಿಂದ ಕೂಗಿದಳು, "ರೀ, ಮೇನ್ ಇಳಸ್ರಿ!"

ಗಿರಣಿ ಗೊರಕೆ ಹೊಡೆದಂತೆ ಮಾಡಿ ನಿಂತಿತು. ಒಂದು ಹಸಿರು ದೀಪ ಆರಿತು. ಜೊತೆಗೇ ಇನ್ನೊಂದೂ ಆರಿತು. ಪೆಟ್ಟಿಗೆಯ ಫ್ಯಾನು ನಿಧಾನಕ್ಕೆ ನಿಂತ ಮೇಲೆ ಕೆಳಗೆ ಹಿಟ್ಟಿಗೆ ಬಂದ ಹೆಂಗಸರ ಮಾತು ಕೇಳತೊಡಗಿತು.

"ಪೇಟೆ ಕಡೇನೂ ಹೋತೇನು?" ಅಂದ ಮಾಲತೇಶ್.

ಹೋಗಿರಲಿಲ್ಲ. ಎದುರು ಸಾಲಿನ ಕಿರಾಣಿ ಅಂಗಡಿಯಲ್ಲಿ ಟೀವಿ ಹಾಡುತ್ತಿತ್ತು. ಇಬ್ಬರೂ ಇಳಿದು ನುಜತ್ ಮನೆಗೆ ನಡೆದರು. ಆಕೆ ರಂಜಾನಿನ ಉಪವಾಸ, ರೋಜಾ ಹಿಡಿದಿದ್ದಳು. ಸುತ್ತ ಹಬ್ಬದ ಬಟ್ಟೆಯ ಗುಡ್ಡ, ಎದುರಿಗೆ ನಿಂತುಹೋದ ಹೊಲಿಗೆ ಮಿಷನ್ನು.

"ಯಾಕ ಪುಷ್ಪಕ್ಕ, ನಿಮ್ಮ ಕಡಿ ಕರೆಂಟ್ ಹೋತಾ?"

ಪುಷ್ಪಲತಾ ಗೋಡೆ ನೋಡಿದಳು. ಸ್ವಿಚ್ಚು ಕೆಳಗಿತ್ತು.

"ನಿನ್ನ ಲೈನ್ ಐತಲ್ಲೇ. ನಮ್ದು ಯಾಕೆ ಹಾಕ್ಕೊಂಡಿ?"

"ನೀನೇ ಹೇಳಿದ್ದೆಯಲ್ಲ, ಇವತ್ತು ಪರೀಕ್ಷೆ ಅಂತ. ನನ್ ಲೈನು ನಿನ್ ಡಬ್ಬಿಗೆ ಪೂರಾ ಸಿಗ್ಲಿ, ನನ್ನ ಮಿಷನ್ನು, ಫ್ರಿಜ್ಜು ಅದರ ಮ್ಯಾಲೆ ಭಾರ ಹಾಕೋದು ಬ್ಯಾಡ ಅಂತ ಬೆಳಗ್ಗೇನೆ ಕೆಳಗ ಮಾಡ್ದೆ."

ಡಬ್ಬಿಗೆ ಹೋದ ತಂತಿ ಸಿಕ್ಕಿಸಿದ್ದೂ ಅದೇ ಸ್ವಿಚ್ಚಿನ ಬೋರ್ಡಿಗೇ. ಗಿರಣಿಯ ಕರೆಂಟು ಓಣಿ ದಾಟಿ ಹೋಗಿ, ಸುತ್ತು ಹಾಕಿ ಗಿರಣಿಗೇ ವಾಪಸ್ಸು ಬರುತ್ತಿತ್ತು. ಎರಡು ಕೊಡ ಹೊತ್ತರೂ ಇಳಿಸಿದ್ದು ಒಂದೇ ಬಾವಿಗೆ.

ಮಾಲತೇಶ್ ನಗಲಿಲ್ಲ, ರೇಗಲೂ ಇಲ್ಲ. ಹೊರಬಂದು ಓಣಿಯ ನಡುವೆ ನಿಂತು ಮೇಲಿನ ಎರಡು ತಂತಿ ನೋಡಿದ.

"ಆ ತಂತೀನ ಸ್ವಿಚ್ಚಿಗಿಂತ ಹಿಂದೇನೇ ಕೊಟ್ರೆ?" ಅಂದಳು ಹಿಂದೆಯೇ ಹೊರಬಂದ ಪುಷ್ಪಲತಾ.

"ಇವತ್ತಿಗೆ ಸರಿಹೋಗ್ತತಿ. ನಾಳೆ ಇನ್ನೊಬ್ಬರಿಗೆ ಇನ್ನೊಂದು ಕರುಣೆ ಬರ್ತತಿ. ಎರಡು ಲೈನಿನ ನಡುವೆ ಕೂಡು ತಂತಿ ಇರೋ ಜಾಗಕ್ಕೆ ನಾನು ಪಾಸ್ ಕೊಡಾಕೆ ಬರಲ್ಲಕ್ಕ. ನಿಮ್ಮ ಗಿರಣಿಯಿಂದ ಇವರ ಮನಿಗೆ ಹೋಗೋದನ್ನ ಕಿತ್ತು ಹಾಕ್ರಿ. ಈಗ್ಲೇ ಇನ್ನೊಂದು ಸಲ ನೋಡಿ ಪಾಸ್ ಅಂತ ಬರ್ಕೊಂಡು ಹೋಗ್ತೀನಿ."

ಕೀಳುವುದು ಒಂದು ಇಕ್ಕಳದ ಕೆಲಸ. ಪುಷ್ಪಲತಾ ನುಜತ್ ಮನೆಯ ಕಿಟಕಿಯೊಳಗೆ ನೋಡಿದಳು. ಪೇಟೆ ಲೈನು ಬೇಸಿಗೆ ಬಂದರೆ ಹಗಲು ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಈ ತಿಂಗಳು ಹೊಲಿದದ್ದರಲ್ಲೇ ನುಜತ್ ಮಳೆಗಾಲ ದಾಟುವುದು. ಹಬ್ಬಕ್ಕೆ ಕೊಡದ ಬಟ್ಟೆಯನ್ನು ಆಮೇಲೆ ಯಾರು ಒಯ್ಯುತ್ತಾರೆ?

"ಹಬ್ಬ ಕಳೀಲಿ. ಆಮ್ಯಾಲೆ ಕೀಳ್ತೀನಿ."

"ಅಷ್ಟು ದಿನ ಕಾಯಲ್ಲಕ್ಕ ಅವರು. ಆವರಗೆರಿಯೋರು ಕೇಳ್ತಾನೇ ಅದಾರೆ."

"ಹಂಗಾದ್ರೆ ಇಲ್ಲ ಅಂತ ಬರ್ಕೊಳ್ರಿ."

ಅವನು ಮತ್ತೆ ಕೇಳಲಿಲ್ಲ. ಸಿದ್ದೇಶ ಮಾತ್ರ ಸಂಜೆತನಕ ಕೇಳಿದ. "ಬಂದ ಲಕ್ಷ್ಮಿಗೆ ಚಪ್ಲಿ ಹುಡುಕಿ ಕೊಟ್ಟೋಳು ನೀನೊಬ್ಬಳೇ ನೋಡು."

ಇಫ್ತಾರ್ ಮುಗಿಸಿದ ನುಜತ್ ಸೀದಾ ಮೇಲಿನ ಕೋಣೆಗೇ ಹತ್ತಿ ಬಂದಳು. ಕಿರಾಣಿ ಅಂಗಡಿಯವನು ಎಲ್ಲ ಹೇಳಿದ್ದ.

"ನಾನು ಒಳಗೇ ಕುಂತಿದ್ದೆನಲ್ಲ? ಒಂದು ಮಾತು ಕೇಳಾಕೆ ನಿನ್ನ ನಾಲಿಗಿ ಸವೀತಿತ್ತಾ? ನಾನೇ ಕಿತ್ತು ಕೈಗೆ ಕೊಡ್ತಿದ್ದೆ."

"ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

"ದೊಡ್ಡೋಳಾದೆ ಬಿಡು! ನನ್ನ ತಲಿ ಮ್ಯಾಲೆ ಹೊರೆ ಇಟ್ಟು ನೀನು ದೊಡ್ಡೋಳಾದೆ."

ಪುಷ್ಪಲತಾಗೆ ಇದು ತೋಚಿರಲಿಲ್ಲ. ನುಜತ್ ದಡದಡ ಇಳಿದು ಹೋದಳು. ಮರುದಿನ ಪೇಟೆ ಕಡೆ ಕರೆಂಟು ಹೋದಾಗ ಎದುರು ಮನೆ ಬಹಳ ಹೊತ್ತು ಸುಮ್ಮನಿತ್ತು. ಪುಷ್ಪಲತಾ ಕಿಟಕಿಗೆ ಬಂದು ನಿಂತಳು, ಕೂಗಲಿಲ್ಲ. ಕಡೆಗೆ ಗಿರಣಿಯ ಲೈನಿನ ಮೇಲೇ ಹೊಲಿಗೆ ಮಿಷನ್ನಿನ ಸದ್ದು ಎದ್ದಿತು. ನುಜತ್ ತಲೆ ಎತ್ತಿ ಈ ಕಡೆ ನೋಡಲಿಲ್ಲ.

ಗುರುವಾರ ಪೆಟ್ಟಿಗೆಯನ್ನು ಆವರಗೆರೆಗೆ ಒಯ್ಯಲು ಟೆಂಪೋ ಬಂತು. ಸಿದ್ದೇಶ ಗಿರಣಿ ನಿಲ್ಲಿಸಿ ಪೆಟ್ಟಿಗೆ ಇಳಿಸಲು ಕೈ ಹಾಕಿದ. ಹಿಟ್ಟಿಗೆ ಕಾಯುತ್ತಿದ್ದವರು ಪುಟ್ಟಿ ಸರಿಸಿ ದಾರಿ ಬಿಟ್ಟರು. ಮಾಲತೇಶ್ ಪೆಟ್ಟಿಗೆಗೆ ಗೋಣಿತಟ್ಟು ಹೊದಿಸಿ, "ಬರ್ತೀನಕ್ಕ," ಅಂದು ಡ್ರೈವರ್ ಪಕ್ಕ ಹತ್ತಿ ಕೂತ. ಹೋದದ್ದು ಅವನೂ ಆ ಪೆಟ್ಟಿಗೆಯೂ; ಗಿರಣಿಯ ತಂತಿ ಓಣಿ ದಾಟಿ ನುಜತ್ ಮನೆಗೆ ಹಾಗೇ ಇತ್ತು.